ಖಡಕ್‌ವಾಸ್ಲಾ ನೀರು ಬಿಡುಗಡೆಯ ಮುನ್ಸೂಚನೆ ಸೇವೆ: ಮುಠಾ ದಂಡೆಯ ನಿವಾಸಿಯ ವಿಮರ್ಶೆ

ಪುಣೆಯಲ್ಲಿ ಮುಠಾ ನದಿಯ ದಂಡೆಯ ಮೇಲೆ ಬಾಡಿಗೆಗೋ ಸ್ವಂತಕ್ಕೋ ಮನೆ ಮಾಡಿಕೊಂಡವರೆಲ್ಲರೂ, ಕೇಳಿ ಪಡೆದಿರಲಿ ಬಿಡಲಿ, ಒಂದು ಸೇವೆಯ ಗ್ರಾಹಕರೇ ಆಗಿದ್ದಾರೆ. ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನದಿಗೆ ನೀರು ಬಿಡುವ ಮೊದಲು ಕೆಳಗಿನವರಿಗೆ ಸುದ್ದಿ ಮುಟ್ಟಿಸುವ ಸೇವೆ ಅದು. ಅದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಹಿಡಿಸದಿದ್ದರೆ ಬಿಟ್ಟು ಬೇರೆಯವರ ಬಳಿಗೆ ಹೋಗುವ ದಾರಿಯೂ ಇಲ್ಲ. ಹೋಟೆಲಿನ ದೋಸೆಯನ್ನೂ ಅಂಗಡಿಯ ಮಿಕ್ಸರನ್ನೂ ತೂಗಿ ನೋಡಿ ಬರೆಯುವ ನಾವು, ಮಳೆಗಾಲದ ರಾತ್ರಿ ನಮ್ಮ ಪ್ರಾಣ ನಿಂತಿರುವ ಈ ಸೇವೆಯನ್ನು ಗ್ರಾಹಕರ ಕಣ್ಣಿನಿಂದ ನೋಡಿದ್ದು ಕಡಿಮೆ. ಸಿಂಹಗಡ ರಸ್ತೆ, ಕರ್ವೆ ನಗರ, ಎರಂಡವಣೆಗಳ ಕಡೆ ಕನ್ನಡಿಗರ ಮನೆಗಳು ಸಾಕಷ್ಟಿರುವುದರಿಂದಲೂ, ಇದೇ ನೀರು ಮುಂದೆ ಭೀಮೆಯನ್ನು ಸೇರಿ ನಮ್ಮೂರುಗಳ ಕಡೆಗೇ ಹರಿಯುವುದರಿಂದಲೂ ಕನ್ನಡದಲ್ಲಿ ಇದನ್ನು ಬರೆಯುವುದು ಉಚಿತವೆನ್ನಿಸಿತು.

ಸೇವೆಯನ್ನು ಅಳೆಯುವ ಮೊದಲು ಅದರ ಹಿಂದಿರುವ ಜಲಾಶಯಗಳ ಲೆಕ್ಕವನ್ನು ನೋಡಬೇಕು. ಪುಣೆಗೆ ನೀರುಣಿಸುವ ಸರಪಳಿಯಲ್ಲಿ ನಾಲ್ಕು ಅಣೆಕಟ್ಟುಗಳಿವೆ. ವರಸಗಾಂವ್ 12.82 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), ಪಾನಶೇತ್ 10.65 ಟಿಎಂಸಿ, ಟೇಮ್‌ಘರ್ 3.71 ಟಿಎಂಸಿ ನೀರು ಹಿಡಿಯುತ್ತವೆ. ಇವೆಲ್ಲಕ್ಕೂ ಕೆಳಗೆ, ನಗರಕ್ಕೆ ಅತ್ಯಂತ ಹತ್ತಿರದಲ್ಲಿರುವ ಖಡಕ್‌ವಾಸ್ಲಾ ಹಿಡಿಯುವುದು ಬರೀ 1.97 ಟಿಎಂಸಿ. ಅಂದರೆ ಮೂರು ದೊಡ್ಡ ಜಲಾಶಯಗಳ ಬಾಯಿಗೆ ಒಂದು ಪುಟ್ಟ ಕೆರೆಯನ್ನು ಒಡ್ಡಿದಂತಾಗಿದೆ. ಸೆಕೆಂಡಿಗೆ 35,000 ಘನ ಅಡಿ, ಅಂದರೆ 35,000 ಕ್ಯೂಸೆಕ್ ಒಳಹರಿವು ಬರತೊಡಗಿದರೆ ಪೂರ್ತಿ ಬರಿದಾದ ಖಡಕ್‌ವಾಸ್ಲಾ ಕೂಡ ಹದಿನಾರು ಗಂಟೆಯೊಳಗೆ ತುಂಬುತ್ತದೆ. ಶೇಕಡಾ ಎಂಬತ್ತು ಮೊದಲೇ ತುಂಬಿದ್ದರೆ ಉಳಿಯುವ ಅವಕಾಶ ಸುಮಾರು ಮೂರು ಗಂಟೆ. ಮೇಲಿನ ಮೂರೂ ಅಣೆಕಟ್ಟುಗಳಲ್ಲಿ ಜಾಗವಿದ್ದರೂ ಈ ಲೆಕ್ಕ ಪೂರ್ತಿಯಾಗಿ ಬದಲಾಗುವುದಿಲ್ಲ. ಏಕೆಂದರೆ ಅವುಗಳಿಗೂ ಖಡಕ್‌ವಾಸ್ಲಾಕ್ಕೂ ನಡುವಿನ ಬೆಟ್ಟಗುಡ್ಡಗಳಲ್ಲಿ ಸುರಿದ ಮಳೆ ಯಾವ ಬಾಗಿಲಿನ ಹಂಗೂ ಇಲ್ಲದೆ ನೇರವಾಗಿ ಇಳಿದು ಬರುತ್ತದೆ. ಹೀಗಾಗಿ ಇಲ್ಲಿ ಮುನ್ಸೂಚನೆಯ ಅವಧಿ ದಿನಗಳದ್ದಲ್ಲ, ಗಂಟೆಗಳದ್ದು. ತುಂಗಭದ್ರೆಯಂಥ ವಿಶಾಲ ಜಲಾಶಯದ ಕೆಳಗೆ ಬೆಳೆದವರಿಗೆ ಈ ಅವಸರ ಅರ್ಥವಾಗಲು ಸ್ವಲ್ಪ ಸಮಯ ಬೇಕು. 2024ರ ಆಗಸ್ಟ್ 10ರ ರಾತ್ರಿ ಅಲ್ಲಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋದಾಗಲೂ, ಉಳಿದ ಗೇಟುಗಳನ್ನು ಎತ್ತಿ, ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ತಾತ್ಕಾಲಿಕವಾಗಿ ಕೂರಿಸುವ ಉಕ್ಕಿನ ತಡೆ) ಇಳಿಸುವಷ್ಟು ಉಸಿರಾಡುವ ಸಮಯ ಸಿಕ್ಕಿತ್ತು.

ಇನ್ನು ಸೇವೆಯ ವಿಷಯ. ಇದರ ಮುಖ್ಯ ಉತ್ಪನ್ನವೆಂದರೆ ಮೊಬೈಲಿಗೆ ಬರುವ ನಾಲ್ಕೈದು ಸಾಲಿನ ಒಂದು ಸಂದೇಶ. ಜಲಸಂಪನ್ಮೂಲ ಇಲಾಖೆಯವರು ಹೊರಡಿಸುತ್ತಾರೆ; ಅದು ಸೊಸೈಟಿಗಳ ವಾಟ್ಸ್ಯಾಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ಸಾಗುತ್ತದೆ. ಈಗ ನದಿಗೆ ಇಷ್ಟು ಕ್ಯೂಸೆಕ್ ನೀರು ಹೋಗುತ್ತಿದೆ, ಇಂಥ ಗಂಟೆಯಿಂದ ಅದನ್ನು ಇಷ್ಟಕ್ಕೆ ಏರಿಸಲಾಗುವುದು, ಮಳೆಯನ್ನೂ ಒಳಹರಿವನ್ನೂ ನೋಡಿ ಮುಂದೆ ಹೆಚ್ಚುಕಡಿಮೆ ಮಾಡಬಹುದು, ನದಿಪಾತ್ರದಲ್ಲಿ ಯಾರೂ ಇಳಿಯಬಾರದು, ಅಲ್ಲಿರುವ ಸಾಮಾನು ಮತ್ತು ದನಕರುಗಳನ್ನು ಕೂಡಲೇ ಸುರಕ್ಷಿತ ಜಾಗಕ್ಕೆ ಸಾಗಿಸಬೇಕು: ಇದಿಷ್ಟು ಅದರ ಸಾರಾಂಶ. ಹಲವು ಮಳೆಗಾಲ ಇವನ್ನು ಓದುತ್ತ ಬಂದವನಾಗಿ ಹೇಳುವುದಾದರೆ, ಸಂದೇಶದ ಶಿಸ್ತು ಮೆಚ್ಚುವಂಥದ್ದು. ಅಂಕಿಗಳು ಸ್ಪಷ್ಟವಾಗಿರುತ್ತವೆ, ಸಮಯ ನಮೂದಾಗಿರುತ್ತದೆ, ಕೆಳಗೆ ಹುದ್ದೆಯ ಹೆಸರಿರುತ್ತದೆ. ದೇಶದ ಎಷ್ಟೋ ನದಿಗಳ ದಂಡೆಯವರಿಗೆ ಇಷ್ಟೂ ದಕ್ಕುವುದಿಲ್ಲ. ಭೀಮಾ ಮತ್ತು ಕೃಷ್ಣಾ ಕಣಿವೆಗಳ ಮಳೆ, ಜಲಾಶಯಗಳ ಮಟ್ಟ, ಹೊರಹರಿವುಗಳನ್ನು ಆಗಿಂದಾಗ ತೋರಿಸುವ ಇಲಾಖೆಯ ಜಾಲತಾಣವೂ ಇದೆ. ಕೇಂದ್ರ ಜಲ ಆಯೋಗವು 2023ರಲ್ಲಿ ಹೊರತಂದ ಫ್ಲಡ್‌ವಾಚ್ ಆ್ಯಪ್, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್ ಇವೆರಡನ್ನೂ ಬಲ್ಲವರು ಬಳಸುತ್ತಾರೆ. ಮಾಹಿತಿಯ ಲಭ್ಯತೆಗಷ್ಟೇ ಅಂಕ ಕೊಡುವುದಾದರೆ ಐದಕ್ಕೆ ನಾಲ್ಕನ್ನು ಹಿಂಜರಿಯದೆ ಕೊಡಬಹುದು.

ತೊಡಕು ಶುರುವಾಗುವುದು ಆ ಸಂದೇಶವನ್ನು ಓದಿ ಮುಗಿಸಿದ ಮೇಲೆ. ನದಿದಂಡೆಯ ನಮ್ಮ ಸೊಸೈಟಿಯ ವಾಚ್‌ಮನ್ ಅಫಜಲಪುರ ಕಡೆಯವರು. ಭೀಮೆಯ ನೆರೆಯನ್ನು ಚಿಕ್ಕಂದಿನಿಂದ ಕಂಡವರು. ಒಂದು ಸಂಜೆ ಇಂಥ ಸಂದೇಶವನ್ನು ಹಿಡಿದುಕೊಂಡು ಬಂದು ಅವರು ಕೇಳಿದ್ದು ಇಷ್ಟೇ: "ಸರ, ಇದ್ರಾಗ ಇಪ್ಪತ್ತೆರಡು ಸಾವಿರ ಅಂತ ಬರದಾರ್ರಿ. ಗಾಡಿಗೋಳನ್ನ ಮ್ಯಾಲ ತರಸ್ಲೇನ್ರಿ, ಬ್ಯಾಡ್ರಿ?" ಈ ಪ್ರಶ್ನೆಗೆ ಸಂದೇಶದಲ್ಲಿ ಉತ್ತರವಿರಲಿಲ್ಲ. ಅಣೆಕಟ್ಟಿನ ಗೇಟಿನಿಂದ ಎಷ್ಟು ನೀರು ಹೊರಟಿತೆಂದು ಅದು ಹೇಳುತ್ತದೆ. ಆ ನೀರು ಯಾವ ಸೊಸೈಟಿಯ ಗೇಟಿನ ಒಳಗೆ ಎಷ್ಟು ಮೊಳ ಬರುತ್ತದೆಂದು ಹೇಳುವುದಿಲ್ಲ. ಕ್ಯೂಸೆಕ್ ಎಂಬುದು ಎಂಜಿನಿಯರಿಗೆ ಬೇಕಾದ ಅಳತೆ, ದಂಡೆಯವನಿಗೆ ಬೇಕಾದದ್ದು ಮೆಟ್ಟಿಲಿನ ಅಳತೆ. ಇವೆರಡನ್ನೂ ಜೋಡಿಸುವುದು ಕಷ್ಟದ ಶಾಸ್ತ್ರವೇನಲ್ಲ. ಇಷ್ಟು ನೀರು ಬಿಟ್ಟರೆ ಭಿಡೆ ಪೂಲ್ ಮುಳುಗುತ್ತದೆ ಎಂಬುದನ್ನು ಡೆಕ್ಕನ್‌ನಿಂದ ನಾರಾಯಣ ಪೇಠಕ್ಕೆ ದಿನವೂ ದಾಟುವ ಪುಣೆಕರರು ಅನುಭವದಿಂದ ಬಲ್ಲರು, ಪೊಲೀಸರೂ ಅದರಂತೆಯೇ ಆ ಸೇತುವೆಯನ್ನು ಮುಚ್ಚುತ್ತಾರೆ. ಅದೇ ಬಗೆಯಲ್ಲಿ ವಿಠ್ಠಲವಾಡಿಗೆ ಇಷ್ಟು, ಪುಲಾಚಿ ವಾಡಿಗೆ ಇಷ್ಟು, ಮುಳಾ-ಮುಠಾ ಸಂಗಮದ ಬಳಿಯ ಪಾಟೀಲ್ ಎಸ್ಟೇಟ್‌ಗೆ ಇಷ್ಟು ಎಂದು ಬಡಾವಣೆವಾರು ಅಂಕಿಯನ್ನು ಸಂದೇಶದ ಕೊನೆಗೆ ಸೇರಿಸಿದರೆ ಓದಿದವನು ತನ್ನ ಕೆಲಸವೇನೆಂದು ತಾನೇ ನಿರ್ಧರಿಸಬಲ್ಲ. ಈಗ ಆ ಕೆಲಸವನ್ನು ಜನರೇ ಮಾಡಿಕೊಂಡಿದ್ದಾರೆ. ನಮ್ಮ ಪಾರ್ಕಿಂಗಿನ ಕಂಬವೊಂದರ ಮೇಲೆ ಕೆಂಪು ಆಯಿಲ್ ಪೇಂಟಿನ ಗೆರೆಯಿದೆ. ಪಕ್ಕದಲ್ಲಿ 25-7-24 ಎಂದೂ, ಅದರ ಕೆಳಗೆ 35,000 ಎಂದೂ ಬರೆದಿದೆ. ಸರ್ಕಾರಿ ಸಂದೇಶದ ಅತ್ಯುಪಯುಕ್ತ ಅನುಬಂಧ ಆ ಗೆರೆಯೇ.

ಆ ತಾರೀಕಿನ ಸಂಗತಿ ಈ ಸೇವೆಯ ನಿಜವಾದ ಪರೀಕ್ಷೆಯಾಗಿತ್ತು. 2024ರ ಜುಲೈ 25ರ ಬೆಳಗಿನ ಜಾವ, ಘಟ್ಟದಲ್ಲಿಯೂ ನಗರದಲ್ಲಿಯೂ ಒಟ್ಟಿಗೆ ಮಳೆ ಸುರಿಯುತ್ತಿದ್ದಾಗ, ಖಡಕ್‌ವಾಸ್ಲಾದಿಂದ 35,000 ಕ್ಯೂಸೆಕ್‌ಗೂ ಮಿಗಿಲಾಗಿ ನೀರು ಬಿಡಲಾಯಿತು. ಲೀಟರಿನಲ್ಲಿ ಹೇಳುವುದಾದರೆ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಲೀಟರ್. ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ನೆಲಮಹಡಿಯ ಮನೆಗಳು ಮುಳುಗಿ, ಜನರನ್ನು ದೋಣಿಯಲ್ಲಿ ತೆಗೆಯಲು ಸೈನ್ಯದ ತುಕಡಿಯನ್ನು ಕರೆಸಬೇಕಾಯಿತು. ಡೆಕ್ಕನ್ ಬಳಿಯ ಪುಲಾಚಿ ವಾಡಿಯಲ್ಲಿ, ನದಿಪಾತ್ರದಲ್ಲಿದ್ದ ಕೈಗಾಡಿಯನ್ನು ಸಾಗಿಸಲು ಹೋದ ಮೂವರು ಯುವಕರು ವಿದ್ಯುತ್ ತಗುಲಿ ಸತ್ತರು. ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತಿರುವ ವಾದ: ನೀರು ಬಿಡುವ ಸುದ್ದಿ ಕೊಟ್ಟಿದ್ದೇವೆಂದು ಒಂದು ಕಡೆಯವರು, ಇಷ್ಟೊಂದು ಬರುತ್ತದೆಂದು ತಿಳಿದಿರಲಿಲ್ಲವೆಂದು ಇನ್ನೊಂದು ಕಡೆಯವರು, ನಿದ್ದೆಯಿಂದ ಎದ್ದಾಗ ಮಂಚದ ಕೆಳಗೆ ನೀರಿತ್ತೆಂದು ನಿವಾಸಿಗಳು. ಇವರಲ್ಲಿ ಯಾರೂ ಸುಳ್ಳು ಹೇಳಿರಬೇಕೆಂದಿಲ್ಲ ಎಂಬುದೇ ಈ ವ್ಯವಸ್ಥೆಯ ದೊಡ್ಡ ದೋಷವೆಂದು ನನಗನ್ನಿಸುತ್ತದೆ. ನೀರು ಬಿಡುವವರು ಜಲಸಂಪನ್ಮೂಲ ಇಲಾಖೆಯವರು. ಜನರನ್ನು ಎಬ್ಬಿಸಿ ಸಾಗಿಸಬೇಕಾದವರು ಮಹಾನಗರಪಾಲಿಕೆಯವರು. ಇಬ್ಬರನ್ನೂ ಜೋಡಿಸಬೇಕಾದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ. ಸಂದೇಶ ಹೊರಟ ಕೂಡಲೇ ಮೊದಲಿನವರ ಹೊಣೆ ಕಾಗದದ ಮೇಲೆ ತೀರುತ್ತದೆ. ಅದು ಯಾರಿಗಾದರೂ ಮುಟ್ಟಿತೇ, ಮುಟ್ಟಿದವರು ಎದ್ದು ಹೊರಟರೇ ಎಂದು ನೋಡುವುದು ಯಾರ ದಿನಚರಿಯಲ್ಲಿ ಬರೆದಿದೆ ಎಂಬುದು ಗ್ರಾಹಕನಿಗೆ ಇಂದಿಗೂ ಕಾಣುವಂತಿಲ್ಲ.

ಬೆಳಗಿನ ಮೂರು ಗಂಟೆಗೆ ವಾಟ್ಸ್ಯಾಪ್ ನೋಡುವವರು ಯಾರೂ ಇಲ್ಲ. ಆ ಹೊತ್ತಿಗೆ ಬೇಕಾದದ್ದು ಸೈರನ್, ಇಲ್ಲವೇ ಮೌನದಲ್ಲಿಟ್ಟ ಫೋನನ್ನೂ ಕಿರುಚಿಸುವ ಸೆಲ್ ಬ್ರಾಡ್‌ಕಾಸ್ಟ್. ಧ್ವನಿವರ್ಧಕ ಕಟ್ಟಿದ ಗಾಡಿಗಳನ್ನು ನಾನು ಹಗಲಿನಲ್ಲಿ ಕಂಡಿದ್ದೇನೆ; ಅವು ಮುಖ್ಯರಸ್ತೆಯಲ್ಲಿ ಸಾಗುತ್ತವೆ, ನೀರು ಮೊದಲು ನುಗ್ಗುವುದು ಹಿಂದಿನ ಗಲ್ಲಿಗೆ. ತಗಡಿನ ಮಾಡಿನ ಮೇಲೆ ಘಟ್ಟದ ಮಳೆ ಬೀಳುವಾಗ ಪಕ್ಕದ ಕೋಣೆಯ ಮಾತೇ ಕೇಳುವುದಿಲ್ಲವೆಂದ ಮೇಲೆ ರಸ್ತೆಯ ಘೋಷಣೆಯ ಗತಿಯೇನು! ಜನರನ್ನು ತಲುಪುವ ಈ ಕೊನೆಯ ಹಂತಕ್ಕೆ ಐದಕ್ಕೆ ಎರಡಕ್ಕಿಂತ ಹೆಚ್ಚು ಅಂಕ ಕೊಡಲಾರೆ.

ಇಲ್ಲಿ ಇನ್ನೊಂದು ವರ್ಗದ ಗ್ರಾಹಕರ ಮಾತನ್ನೂ ಹೇಳಬೇಕು. ಪುಣೆಯ ಕಟ್ಟಡ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರ, ರಾಯಚೂರು ಕಡೆಯಿಂದ ಬಂದ ಕುಟುಂಬಗಳು ಹಲವು ಕಡೆ ಸೈಟಿನ ಶೆಡ್ಡುಗಳಲ್ಲಿ, ಕೆಲವು ಕಡೆ ನಾಲಾ ಪಕ್ಕದ ಗುಡಿಸಲುಗಳಲ್ಲಿ ಇರುತ್ತವೆ. ಸಂದೇಶ ಬರುವುದು ಮರಾಠಿಯಲ್ಲಿ. ತಲೆಮಾರಿನಿಂದ ಇಲ್ಲಿರುವ ಕನ್ನಡಿಗರಿಗೆ ಅದು ಮನೆಮಾತಿನಷ್ಟೇ ಸಲೀಸು. ಹೋದ ತಿಂಗಳು ಬಂದಿಳಿದವರಿಗೆ ಅಲ್ಲ. ಅವರು ಸೊಸೈಟಿಯ ಗುಂಪುಗಳಲ್ಲಿಯೂ ಇರುವುದಿಲ್ಲ. ಕೂಲಿಗಳ ಮೇಸ್ತ್ರಿಯಾದ ಮುಕಾದಮ ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ. ಮಹಾರಾಷ್ಟ್ರ ಸರ್ಕಾರ ಕನ್ನಡದಲ್ಲಿ ಸಂದೇಶ ಕಳುಹಿಸಲಿ ಎಂದು ಕೇಳುವುದಕ್ಕಿಂತ, ಇಲ್ಲಿನ ಕನ್ನಡ ಸಂಘಟನೆಗಳು ಮಳೆಗಾಲಕ್ಕೆ ಮುಂಚೆ ಒಂದೊಂದು ಕಾರ್ಮಿಕ ಬಿಡಾರಕ್ಕೂ ಕನ್ನಡ ಬಲ್ಲ ಒಬ್ಬರ ಫೋನ್ ಸಂಖ್ಯೆಯನ್ನು ಮುಟ್ಟಿಸುವುದು ಬೇಗ ಆಗುವ ಕೆಲಸ. ರಾಜ್ಯೋತ್ಸವದ ಪೆಂಡಾಲಿಗೆ ಓಡಾಡುವ ಹುಡುಗರಿಗೆ ಇದು ಹೆಚ್ಚಿನ ಹೊರೆಯಾಗದು.

ನೀರನ್ನು ಲೆಕ್ಕವಿಟ್ಟು ಬಿಡುವಾಗಿನ ಮಾತು ಇದಾಯಿತು. ಅಣೆಕಟ್ಟೇ ಅಪಾಯಕ್ಕೆ ಸಿಕ್ಕಾಗ ಈ ಸೇವೆ ಏನು ಮಾಡುತ್ತದೆ ಎಂಬ ಪ್ರಶ್ನೆ ಪುಣೆಯಲ್ಲಿ ಬರೀ ಕಲ್ಪನೆಯದಲ್ಲ. 1961ರ ಜುಲೈ 12ರಂದು, ಇನ್ನೂ ಕಟ್ಟಿ ಮುಗಿಯದಿದ್ದ ಪಾನಶೇತ್‌ನ ಮಣ್ಣಿನ ಒಡ್ಡು ಒಡೆಯಿತು. ನೀರು ಹೊರಬಿಡುವ ಕೊಳವೆಯ ಕೆಲಸ ಅಪೂರ್ಣವಾಗಿತ್ತು, ಅದರ ಗೇಟು ಪೂರ್ತಿ ಕೂತಿರಲಿಲ್ಲ. ಅದರ ಮೇಲಿನ ಮಣ್ಣು ಕುಸಿಯುತ್ತಿದ್ದಾಗ ಸೈನಿಕರು ಹಿಂದಿನ ರಾತ್ರಿಯೆಲ್ಲ ಮರಳು ಚೀಲ ಹೊತ್ತು ಹಾಕಿದ್ದರು. ಆ ನೀರು ಬಂದು ಅಪ್ಪಳಿಸಿದ್ದು 1879ರಲ್ಲಿ ಕಟ್ಟಿ ಮುಗಿಸಿದ್ದ ಖಡಕ್‌ವಾಸ್ಲಾದ ಕಲ್ಲಿನ ಅಣೆಕಟ್ಟಿಗೆ. ಅದೂ ಒಡೆದು ನದಿದಂಡೆಯ ಪೇಠಗಳು ನೀರುಪಾಲಾದವು. ಪಾನಶೇತ್ ಪೂರಗ್ರಸ್ತರ (ನೆರೆ ಸಂತ್ರಸ್ತರ) ವಸಾಹತು ಎಂಬ ಹೆಸರು ಪುಣೆಯ ವಿಳಾಸಗಳಲ್ಲಿ ಇಂದಿಗೂ ಉಳಿದಿದೆ. ಇಡೀ ರಾತ್ರಿ ಅಣೆಕಟ್ಟಿನ ಮೇಲೆ ಸೈನ್ಯವಿತ್ತು, ಅಂದರೆ ಅಪಾಯ ಗೊತ್ತಿತ್ತು. ಕೆಳಗಿನ ನಗರವನ್ನು ಆ ರಾತ್ರಿ ಖಾಲಿ ಮಾಡಿಸಿರಲಿಲ್ಲ.

ಆಮೇಲಿನ ದಶಕಗಳಲ್ಲಿ ಕಲಿತದ್ದೂ ಉಂಟು, ಮರೆತದ್ದೂ ಉಂಟು. 2016ರಲ್ಲಿ ಟೇಮ್‌ಘರ್ ಅಣೆಕಟ್ಟಿನ ಗೋಡೆಯಿಂದ ಸೆಕೆಂಡಿಗೆ ಎರಡು ಸಾವಿರ ಲೀಟರಿಗೂ ಮಿಕ್ಕು ನೀರು ಸೋರುತ್ತಿರುವುದು ದೊಡ್ಡ ಸುದ್ದಿಯಾಯಿತು. ಆ ಅಣೆಕಟ್ಟಿನಲ್ಲಿ ನೀರು ನಿಲ್ಲತೊಡಗಿ ಎರಡು ದಶಕವೂ ಕಳೆದಿರಲಿಲ್ಲ. ಎಂಜಿನಿಯರುಗಳು, ಗುತ್ತಿಗೆದಾರರ ಮೇಲೆ ಪ್ರಕರಣ ದಾಖಲಾಯಿತು. ಜಲಾಶಯವನ್ನು ಬರಿದು ಮಾಡಿ, ಗೋಡೆಯ ಬಿರುಕುಗಳಿಗೆ ಸಿಮೆಂಟ್ ಗಾರೆ ತುಂಬುವ ಗ್ರೌಟಿಂಗ್ ನಡೆಸಿ ಸೋರಿಕೆಯನ್ನು ಬಹುಪಾಲು ತಗ್ಗಿಸಲಾಯಿತು. ಇದನ್ನು ನಾನು ಯಶಸ್ಸಿನ ಪಟ್ಟಿಗೇ ಸೇರಿಸುತ್ತೇನೆ, ಏಕೆಂದರೆ ಗೋಡೆ ಸೋರುತ್ತಿದೆ ಎಂದು ಬಹಿರಂಗವಾಗಿ ಒಪ್ಪಿಕೊಂಡದ್ದರಿಂದಲೇ ದುರಸ್ತಿ ನಡೆಯಿತು. 2018ರ ಸೆಪ್ಟೆಂಬರ್ 27ರಂದು, ಮಳೆಯ ಹನಿಯಿಲ್ಲದ ಹೊತ್ತಿನಲ್ಲಿ, ಮುಠಾ ಬಲದಂಡೆ ಕಾಲುವೆ ಜನತಾ ವಸಾಹತಿನ ಬಳಿ ಒಡೆದು ದಾಂಡೇಕರ್ ಪೂಲ್ ಭಾಗದ ಗುಡಿಸಲುಗಳಿಗೆ ನುಗ್ಗಿದಾಗ ಯಾವ ಸಂದೇಶವೂ ಬರುವ ಪ್ರಶ್ನೆ ಇರಲಿಲ್ಲ. ಕಾಲುವೆ ಈ ಸೇವೆಯ ವ್ಯಾಪ್ತಿಯಲ್ಲೇ ಇರಲಿಲ್ಲ. ಇಲಿ, ಏಡಿಗಳು ಬಿಲ ಕೊರೆದದ್ದು ಕಾರಣವೆಂದು ಆಗ ಮಂತ್ರಿಗಳ ಕಡೆಯಿಂದ ವಿವರಣೆ ಬಂತು. ಮರುವರ್ಷ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಇಪ್ಪತ್ತರಷ್ಟು ಜನ ಸತ್ತಾಗಲೂ ಏಡಿಗಳೇ ಆರೋಪಿಗಳಾದವು. ಸೋರುತ್ತಿದೆ ಎಂದು ಗ್ರಾಮಸ್ಥರು ಮೊದಲೇ ದೂರು ಕೊಟ್ಟಿದ್ದರು. ಏಡಿಗಳಿಗೆ ಅರ್ಜಿ ಬರೆಯುವ ಸೌಲಭ್ಯವಿಲ್ಲದ್ದರಿಂದ ಅವುಗಳ ವಾದ ದಾಖಲಾಗಲಿಲ್ಲ.

ಇವೆಲ್ಲದರ ನಂತರ ಬಂದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯನ್ನು ಗ್ರಾಹಕನ ಹಕ್ಕುಪತ್ರವೆಂದು ಓದಿಕೊಳ್ಳಬಹುದು, ಏಕೆಂದರೆ ಈ ವಿಮರ್ಶೆಯಲ್ಲಿ ನಾನು ಕೇಳುತ್ತಿರುವುದರಲ್ಲಿ ಬಹುಪಾಲು ಅದರಲ್ಲಿಯೇ ಬರೆದಿದೆ. ಅದೇ ವರ್ಷ ಡಿಸೆಂಬರ್ 30ರಂದು ಜಾರಿಗೆ ಬಂದ ಈ ಕಾಯ್ದೆ, ಹದಿನೈದು ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟುಗಳಿಗೂ, ಕೆಲವು ಷರತ್ತುಗಳೊಂದಿಗೆ ಹತ್ತರಿಂದ ಹದಿನೈದು ಮೀಟರಿನವಕ್ಕೂ ಅನ್ವಯಿಸುತ್ತದೆ. ಮಳೆಗಾಲದ ಮೊದಲೂ ಆಮೇಲೂ ತಪಾಸಣೆ ಮಾಡಬೇಕು. ಒಳಹರಿವನ್ನು ಮುಂಗಾಣುವ ವ್ಯವಸ್ಥೆಯಿರಬೇಕು. ಕೆಳಗಿನ ಪ್ರದೇಶಕ್ಕೆ ತುರ್ತು ಪ್ರವಾಹ ಎಚ್ಚರಿಕೆಯ ವ್ಯವಸ್ಥೆಯನ್ನು ಅಣೆಕಟ್ಟಿನ ಒಡೆಯರೇ ಸ್ಥಾಪಿಸಿ ಕಾಲಕಾಲಕ್ಕೆ ಪರೀಕ್ಷಿಸಬೇಕು. ಬರಬಹುದಾದ ಗರಿಷ್ಠ ಒಳಹರಿವು, ಹೊರಹರಿವುಗಳ ಮಾಹಿತಿ ಸಾರ್ವಜನಿಕವಾಗಿರಬೇಕು. ಹಳೆಯ ಅಣೆಕಟ್ಟುಗಳಿಗೆ ಐದು ವರ್ಷದೊಳಗೆ ತುರ್ತು ಕ್ರಿಯಾ ಯೋಜನೆ ಸಿದ್ಧವಾಗಬೇಕು. ಆ ಯೋಜನೆಯನ್ನು ವಿಪತ್ತು ನಿರ್ವಹಣೆಯ ಸಂಸ್ಥೆಗಳೊಂದಿಗೂ, ಅಕ್ಕಪಕ್ಕದ ಅಣೆಕಟ್ಟುಗಳ ಒಡೆಯರೊಂದಿಗೂ ಸಮಾಲೋಚಿಸಿಯೇ ಮಾಡಬೇಕೆಂಬುದು ಪುಣೆಯ ಮಟ್ಟಿಗೆ ಬಹಳ ಮುಖ್ಯವಾದ ಷರತ್ತು: ಮುಠಾದ ಜೊತೆಗೆ ಸಂಗಮದಲ್ಲಿ ಸೇರುವ ಮುಳಾ ನದಿಗೆ ಮೇಲಿನ ಮುಳಶಿ ಅಣೆಕಟ್ಟು ಟಾಟಾ ಪವರ್ ಕಂಪನಿಯದು, ಪವನಾ ಸರ್ಕಾರದ್ದು. ಎರಡು ನದಿಗಳೂ ಒಂದೇ ರಾತ್ರಿ ಉಕ್ಕಿದರೆ ಸಂಗಮದಿಂದ ನೀರು ಹಿಂದಕ್ಕೆ ಒತ್ತುತ್ತದೆ; ಬರೀ ಖಡಕ್‌ವಾಸ್ಲಾದ ಅಂಕಿ ಹಿಡಿದು ಕೂತವನ ಲೆಕ್ಕ ಆಗ ತಪ್ಪುತ್ತದೆ. ಜಾರಿಗೆ ಬಂದ ದಿನದಿಂದ ಎಣಿಸಿದರೆ ಐದು ವರ್ಷದ ಗಡುವು 2026ರ ಡಿಸೆಂಬರ್ 30ಕ್ಕೆ ಮುಗಿಯುತ್ತದೆ. ದೇಶದಲ್ಲಿಯೇ ಅತಿ ಹೆಚ್ಚು, ಎರಡು ಸಾವಿರಕ್ಕೂ ಮೀರಿದ ದೊಡ್ಡ ಅಣೆಕಟ್ಟುಗಳಿರುವ ರಾಜ್ಯಕ್ಕೆ ಇದು ಸಣ್ಣ ಕೆಲಸವಲ್ಲ. ಆದರೂ ನಗರದ ನೆತ್ತಿಯ ಮೇಲಿರುವ ನಾಲ್ಕನ್ನು ಮೊದಲು ಮುಗಿಸಿ, ಯಾವ ಗಲ್ಲಿ ಎಷ್ಟು ಹೊತ್ತಿಗೆ ಮುಳುಗುತ್ತದೆ ಎಂಬ ನಕಾಶೆಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸುವುದಕ್ಕೆ ಡಿಸೆಂಬರಿನವರೆಗೆ ಕಾಯಬೇಕಾಗಿಲ್ಲ.

ನೀರನ್ನು ಮೊದಲೇ ಸ್ವಲ್ಪ ಸ್ವಲ್ಪವಾಗಿ ಬಿಡಬಾರದೇ ಎಂದು ಪ್ರತಿ ನೆರೆಯ ಮರುದಿನ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಮಾತ್ರ ಸರಳವಿಲ್ಲ. ಇದೇ ಜಲಾಶಯಗಳಿಂದ ನಗರದ ಕುಡಿಯುವ ನೀರೂ, ದೌಂಡ್, ಇಂದಾಪುರ ಕಡೆಯ ಬೇಸಾಯವೂ ನಡೆಯಬೇಕು. ಜುಲೈಯಲ್ಲಿ ಬಿಟ್ಟು ಆಗಸ್ಟಿನಲ್ಲಿ ಮಳೆ ಕೈಕೊಟ್ಟರೆ ಬೇಸಿಗೆಯಲ್ಲಿ ಬೈಯುವವರೂ ನಾವೇ. ಯಾವ ತಾರೀಕಿಗೆ ಎಷ್ಟು ಮಟ್ಟ ಇರಬೇಕೆಂಬ ಕಾರ್ಯಾಚರಣೆಯ ವೇಳಾಪಟ್ಟಿಗಳು ಇಲಾಖೆಯ ಬಳಿ ಇರುತ್ತವೆ. ದಿನದ ಸಂದೇಶದಲ್ಲಿ ಆ ವೇಳಾಪಟ್ಟಿಯ ಮಟ್ಟವನ್ನೂ ಇಂದಿನ ಮಟ್ಟವನ್ನೂ ಪಕ್ಕಪಕ್ಕದಲ್ಲಿ ಕೊಟ್ಟರೆ, ನೀರನ್ನು ಹಿಡಿದಿಟ್ಟ ನಿರ್ಧಾರ ಸರಿಯೋ ತಪ್ಪೋ ಎಂಬುದನ್ನು ನೆರೆಯ ಮೊದಲೇ ಚರ್ಚಿಸಬಹುದು.

ಜೂನ್‌ಗೆ ಮೊದಲು ಸಿಂಹಗಡ ರಸ್ತೆಯ ಕಡೆ ಮನೆ ಹುಡುಕುತ್ತಿರುವ ಕನ್ನಡಿಗರಿಗೆ ಒಂದೆರಡು ಮಾತು. ನಕಾಶೆಯಲ್ಲಿ ನದಿಯುದ್ದಕ್ಕೂ ಎಳೆದ ನೀಲಿ ಗೆರೆ ಎಂದರೆ ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟ, ಕೆಂಪು ಗೆರೆ ನೂರು ವರ್ಷಕ್ಕೊಮ್ಮೆಯದು. ಡಿಪಾಸಿಟ್ ಕೊಡುವ ಮೊದಲು ಕಟ್ಟಡ ಯಾವ ಗೆರೆಯ ಒಳಗಿದೆ ಎಂದು ಪಾಲಿಕೆಯ ಅಭಿವೃದ್ಧಿ ನಕಾಶೆಯಲ್ಲಿ ನೋಡಿಕೊಳ್ಳಿ. ಏಜೆಂಟರು ಸಾಮಾನ್ಯವಾಗಿ "ಇಲ್ಲಿಗೆ ನೀರು ಬರುವುದಿಲ್ಲ" ಎನ್ನುತ್ತಾರೆ. ಅವರನ್ನು ಬಿಟ್ಟು ಹಳೆಯ ವಾಚ್‌ಮನ್‌ನನ್ನು ಕೇಳಿ, ಲಿಫ್ಟಿನ ಮೋಟಾರೂ ಮೀಟರ್ ಬೋರ್ಡೂ ಯಾವ ಎತ್ತರದಲ್ಲಿವೆ ಎಂದು ನೋಡಿ. ಮೀಟರ್ ಬೋರ್ಡನ್ನು ಇತ್ತೀಚೆಗೆ ಗೋಡೆಯ ಮೇಲಕ್ಕೆ ಏರಿಸಿದ ಗುರುತಿದ್ದರೆ, ಎಲ್ಲಿಯವರೆಗೆ ನೀರು ಬಂದಿತ್ತೆಂದು ಮತ್ತೆ ಕೇಳಬೇಕಾಗಿಲ್ಲ.